ಧ್ವನಿಲೇಖನದ ಕಥೆ: ಮಸಿಯ ಹಾಳೆಯಿಂದ ಬೂದಿಕೋಟೆಯವರೆಗೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ ಬೂದಿಕೋಟೆಯೆಂಬ ಊರಿರುವುದು ಶ್ರೋತೃಗಳಲ್ಲಿ ಅನೇಕರಿಗೆ ತಿಳಿದಿರಬಹುದು. ಹದಿನೆಂಟನೆಯ ಶತಮಾನದ ಆದಿಯಲ್ಲಿ, ಸುಮಾರು 1720ರ ವೇಳೆಗೆ, ಹೈದರ್ ಅಲಿಯು ಜನಿಸಿದ ಸ್ಥಳವದು. ಮುಂದೆ ಮೈಸೂರು ರಾಜ್ಯದ ಸೂತ್ರವನ್ನು ಹಿಡಿದ ಆ ಪುರುಷನಿಗೆ ಓದುಬರಹ ಬರುತ್ತಿರಲಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ. ಆತನು ಬಾಯಿಂದ ಹೇಳಿದುದನ್ನು ಬಲ್ಲವರು ಬರೆದುಕೊಳ್ಳುತ್ತಿದ್ದರು. ಎಂದರೆ, ದೊಡ್ಡದೊಂದು ರಾಜ್ಯದ ಆಡಳಿತವು ಒಬ್ಬನ ದನಿಯನ್ನು ನಂಬಿ ನಡೆಯಿತು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಆತನ ಕಾಲದ ಕಾಗದಪತ್ರಗಳಿವೆ, ನಾಣ್ಯಗಳಿವೆ, ಯುದ್ಧಗಳ ವರ್ಣನೆಗಳಿವೆ. ಆದರೆ ಆ ದನಿಯು ಗಡುಸಾಗಿದ್ದಿತೋ ಮೆಲುವಾಗಿದ್ದಿತೋ, ಸಿಟ್ಟು ಬಂದಾಗ ಏರುತ್ತಿದ್ದಿತೋ ಇಳಿಯುತ್ತಿದ್ದಿತೋ, ಹೇಳಬಲ್ಲವರು ಇಂದು ಯಾರೂ ಇಲ್ಲ.

ಇದೇ ಬೂದಿಕೋಟೆಯಲ್ಲಿ, ಹೈದರನು ಕಾಲವಾಗಿ ಇನ್ನೂರಿಪ್ಪತ್ತು ವರ್ಷಗಳಾದ ಮೇಲೆ, ಹೊಲಗೆಲಸ ಮಾಡುವ ಹೆಂಗಸರ ದನಿಯನ್ನು ಯಂತ್ರವು ಹಿಡಿದಿಟ್ಟು ಊರಿಗೆಲ್ಲ ಕೇಳಿಸಿತು. ದೊರೆಯ ದನಿ ಉಳಿಯದ ಊರಿನಲ್ಲಿ ಕೂಲಿಯವಳ ದನಿ ಉಳಿಯುವಂತಾದುದು ಹೇಗೆ? ಇಂದು ನಾವು ಹೇಳಹೊರಟಿರುವುದು ಆ ಕಥೆಯನ್ನು.

ಮೊದಲು ಧ್ವನಿಯೆಂದರೇನು ಎಂಬುದನ್ನು ತಿಳಿದುಕೊಳ್ಳಬೇಕು. ಮದ್ದಳೆಯನ್ನು ಬಾರಿಸಿದಾಗ ಅದರ ಚರ್ಮವು ಅದುರುತ್ತದೆ. ಆ ಅದುರಿನಿಂದ ಪಕ್ಕದ ಗಾಳಿಯು ಅದುರಿ, ಅದರಿಂದ ಅದರ ಪಕ್ಕದ ಗಾಳಿಯು ಅದುರಿ, ಹೀಗೆ ಅಲೆಯು ಸಾಗಿ ಬಂದು ನಮ್ಮ ಕಿವಿಯೊಳಗಿನ ತೆಳುವಾದ ಪೊರೆಯನ್ನು ತಟ್ಟುತ್ತದೆ. ಧ್ವನಿಯೆಂಬುದು ಇಷ್ಟೇ. ಅದು ಪದಾರ್ಥವಲ್ಲ, ಪದಾರ್ಥದ ಚಲನೆ. ಚಲನೆ ನಿಂತೊಡನೆ ಅದೂ ಇಲ್ಲವಾಗುತ್ತದೆ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಸ್ವರ ತಪ್ಪದಂತೆ ವೇದವನ್ನು ಬಾಯಿಪಾಠ ಮಾಡಿಸಿದರು. ಕೃತಿಗಳನ್ನು ಶಿಷ್ಯನ ಕಂಠದಲ್ಲಿ ಇಟ್ಟು ಕಾಪಾಡಿದರು. ಈ ಉಪಾಯದಿಂದ ಪಾಠ ಉಳಿಯಿತು, ರಾಗ ಉಳಿಯಿತು. ಗುರುವಿನ ದನಿ ಮಾತ್ರ ಗುರುವಿನೊಡನೆಯೇ ಹೋಯಿತು.

ಧ್ವನಿಯನ್ನು ಬರೆಯುವ ಯತ್ನವು ಮೊದಲು ಸಫಲವಾದುದು ಫ್ರಾನ್ಸಿನಲ್ಲಿ. ಅಲ್ಲಿ ಅಚ್ಚುಕೂಟದ ಕೆಲಸದಲ್ಲಿದ್ದ ಸ್ಕಾಟ್ ದ ಮಾರ್ತಿನ್‌ವಿಲ್ ಎಂಬಾತನು 1857ರಲ್ಲಿ ಒಂದು ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಕೊಂಬಿನಾಕಾರದ ಕೊಳವೆ, ಅದರ ತುದಿಗೆ ಬಿಗಿದ ಪೊರೆ, ಪೊರೆಗೆ ಅಂಟಿಸಿದ ಬಿರುಗೂದಲು, ಕೂದಲಿನ ಕೆಳಗೆ ದೀಪದ ಮಸಿಯನ್ನು ಹಿಡಿಸಿದ ಕಾಗದ, ಇಷ್ಟೇ ಅದರ ಅಂಗಗಳು. ಕೊಳವೆಯ ಎದುರಿಗೆ ಹಾಡಿದರೆ ಪೊರೆಯು ಅದುರುವುದು. ಕೂದಲು ಮಸಿಯ ಮೇಲೆ ಅಂಕುಡೊಂಕಾದ ಗೆರೆಯನ್ನು ಎಳೆಯುವುದು. ಆ ಗೆರೆಯನ್ನು ಕಣ್ಣಿನಿಂದ ನೋಡಬಹುದಾಗಿದ್ದಿತೇ ಹೊರತು ಕಿವಿಯಿಂದ ಕೇಳುವ ಮಾರ್ಗವಿರಲಿಲ್ಲ. ಕೇಳಬೇಕೆಂಬ ಯೋಚನೆಯೂ ಆತನಿಗಿರಲಿಲ್ಲ. ಶೀಘ್ರಲಿಪಿಯಂತೆ ಧ್ವನಿಯೇ ತನ್ನನ್ನು ಬರೆದುಕೊಳ್ಳಬೇಕೆಂಬುದು ಅವನ ಆಸೆ. ಆಶ್ಚರ್ಯವೇನೆಂದರೆ, 1860ರಲ್ಲಿ ಆತನು ಮಸಿಯ ಹಾಳೆಯ ಮೇಲೆ ಇಳಿಸಿದ ಒಂದು ಹಾಡಿನ ತುಣುಕನ್ನು 2008ರಲ್ಲಿ ಅಮೆರಿಕದ ವಿದ್ವಾಂಸರು ಗಣಕಯಂತ್ರದ ಸಹಾಯದಿಂದ ಮತ್ತೆ ಧ್ವನಿಯಾಗಿ ಪರಿವರ್ತಿಸಿ ಕೇಳಿದರು. ಬರೆದವನೇ ಕೇಳದಿದ್ದ ಧ್ವನಿಯು ನೂರ ನಲವತ್ತೆಂಟು ವರ್ಷಗಳ ತರುವಾಯ ಲೋಕದ ಕಿವಿಗೆ ಬಿದ್ದಿತು.

ಗೆರೆಯನ್ನು ಪುನಃ ಮಾತನಾಡಿಸಿದ ಕೀರ್ತಿ ಅಮೆರಿಕದ ಎಡಿಸನ್ನನಿಗೆ ಸೇರಿದುದು. 1877ರ ಕೊನೆಯಲ್ಲಿ ಆತನ ಕೈಕೆಳಗೆ ಸಿದ್ಧವಾದ ಫೋನೋಗ್ರಾಫಿನಲ್ಲಿ ಒಂದು ಉರುಳೆ, ಅದಕ್ಕೆ ಸುತ್ತಿದ ತವರದ ತೆಳು ಹಾಳೆ, ಪೊರೆಗೆ ಸೇರಿಸಿದ ಮುಳ್ಳು ಇದ್ದುವು. ಹಿಡಿಯನ್ನು ತಿರುವುತ್ತ ಮಾತನಾಡಿದರೆ ಮುಳ್ಳು ಮೇಲೆ ಕೆಳಗೆ ಆಡಿ ತವರದಲ್ಲಿ ಆಳವಿಳಿದ ಗೀರನ್ನು ಕೊರೆಯುವುದು. ಉರುಳೆಯನ್ನು ಮೊದಲಿನ ಸ್ಥಾನಕ್ಕೆ ತಂದು ಮುಳ್ಳನ್ನು ಅದೇ ಗೀರಿನಲ್ಲಿ ನಡೆಸಿದರೆ, ಗೀರಿನ ಏರಿಳಿತಕ್ಕೆ ತಕ್ಕಂತೆ ಪೊರೆಯು ಅದುರಿ ಆಡಿದ ಮಾತು ಹಿಂದಕ್ಕೆ ಬರುವುದು. ಎಡಿಸನ್ನನು ಮೊದಲು ನುಡಿಸಿ ನೋಡಿದುದು ಮಕ್ಕಳ ಪದ್ಯವೊಂದನ್ನು. ಕೆಲವು ಸಲ ನುಡಿಸುವುದರೊಳಗಾಗಿ ತವರವು ಸವೆದು ಹರಿದುಹೋಗುತ್ತಿದ್ದಿತು.

ಆ 1877ನೆಯ ಇಸವಿಯು ನಮ್ಮ ಸೀಮೆಗೆ ಎಂತಹ ವರ್ಷವಾಗಿದ್ದಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಅದು ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದ ಕಾಲ. ಸುಮಾರು 50 ಲಕ್ಷ ಪ್ರಜೆಗಳಿದ್ದ ಮೈಸೂರು ಸಂಸ್ಥಾನದಲ್ಲಿ 10 ಲಕ್ಷದಷ್ಟು ಜನರು ಅಳಿದರೆಂದು ಅಂದಾಜು. ಸರ್ಕಾರದ ವರದಿಗಳು ಅವರನ್ನು ಎಣಿಸಿದುವು. ಅವರಲ್ಲಿ ಒಬ್ಬರ ಮಾತನ್ನಾದರೂ ಉಳಿಸುವ ಸಾಧನವು ಸಮುದ್ರದಾಚೆ ಆಗತಾನೆ ಹುಟ್ಟಿದ್ದಿತು. ಅದು ಇಲ್ಲಿಗೆ ಬರಲು ಇನ್ನೂ ಬಹುಕಾಲ ಬೇಕಾಗಿದ್ದಿತು.

ತವರದ ದೋಷವನ್ನು ಮೇಣವು ನೀಗಿತು. 1886ರಲ್ಲಿ ಬೆಲ್ ಮತ್ತು ಟೈಂಟರ್ ಎಂಬುವರು ಮೇಣದ ಮೇಲೆ ಗೀರನ್ನು ಕೊರೆಯುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದರು. ಮರುವರ್ಷ ಎಮಿಲ್ ಬರ್ಲಿನರನು ಉರುಳೆಯನ್ನೇ ಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಹಿಡಿದನು. ಅವನ ಗ್ರಾಮಫೋನಿನಲ್ಲಿ ಮುಳ್ಳು ಮೇಲೆ ಕೆಳಗೆ ಆಡದೆ ಅಕ್ಕಪಕ್ಕಕ್ಕೆ ತೂಗುತ್ತ ನಡೆಯುವುದು. ಈ ಬದಲಾವಣೆಯಿಂದ ಒಂದು ದೊಡ್ಡ ಅನುಕೂಲವಾಯಿತು. ಮೊದಲ ತಟ್ಟೆಯಿಂದ ಲೋಹದ ಪಡಿಯಚ್ಚನ್ನು ತೆಗೆದು, ಆ ಅಚ್ಚನ್ನು ಬಿಸಿಮಾಡಿದ ಮೆತು ಪದಾರ್ಥದ ಮೇಲೆ ಒತ್ತಿದರೆ, ಒಂದರಂತೆ ಸಾವಿರ ತಟ್ಟೆಗಳು. ನಾವು ಕಾಗದದ ಲಕೋಟೆಗೆ ಅರಗನ್ನು ಕರಗಿಸಿ ಮುದ್ರೆಯೊತ್ತುವುದಿಲ್ಲವೇ? ಕ್ರಮವು ಅದೇ. ಧ್ವನಿಮುದ್ರಿಕೆಯೆಂಬ ನಮ್ಮ ಮಾತು ಎಷ್ಟು ಯುಕ್ತವಾಗಿದೆಯೆಂಬುದು ಇದರಿಂದ ತಿಳಿಯುತ್ತದೆ.

ಹೋಲಿಕೆಯು ಇಷ್ಟಕ್ಕೇ ನಿಲ್ಲುವುದಿಲ್ಲ. ಹಿಂದಿನ ಗ್ರಾಮಫೋನು ತಟ್ಟೆಯನ್ನು ಮಾಡುತ್ತಿದ್ದುದೂ ಅರಗಿನಿಂದಲೇ. ಅರಗೆಂಬುದು ಮರದ ಕಡ್ಡಿಗಳ ಮೇಲೆ ಗುಂಪುಗಟ್ಟಿ ಬಾಳುವ ಒಂದು ಸಣ್ಣ ಕೀಟವು ಸ್ರವಿಸುವ ಅಂಟು. ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೆ ಅದು ಸಿಗುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ ಬಣ್ಣವೂ ಹೊಳಪೂ ಬರುವುದು ಅರಗಿನಿಂದಲೇ ಎಂಬುದು ಎಲ್ಲರಿಗೂ ತಿಳಿದ ವಿಷಯ. ಲೋಕಕ್ಕೆ ಬೇಕಾದ ಅರಗಿನ ಬಹುಭಾಗವನ್ನು ಒದಗಿಸುತ್ತಿದ್ದುದು ಭಾರತದೇಶ. ಈ ಅರಗಿಗೆ ನುಣ್ಣಗಿನ ಕಲ್ಲಿನ ಪುಡಿಯನ್ನೂ ಹತ್ತಿಯ ನವಿರನ್ನೂ ಬೆರೆಸಿ, ಕಪ್ಪಿಗಾಗಿ ಮಸಿಯನ್ನು ಸೇರಿಸಿ, ಬಿಸಿಯಾಗಿರುವಾಗಲೇ ಅಚ್ಚಿನಲ್ಲಿ ಒತ್ತುತ್ತಿದ್ದರು. ಕಾಗದದ ಮೇಲಿಂದ ತೊಲಗಿದ್ದ ಮಸಿಯು ಹೀಗೆ ತಟ್ಟೆಯೊಳಕ್ಕೆ ಮರಳಿ ಬಂದಿತು. 1896ರಲ್ಲಿ ಎಲ್‌ಡ್ರಿಜ್ ಜಾನ್ಸನ್ನನು ಗಡಿಯಾರದಂತೆ ಕೀಲಿ ಕೊಡುವ ಸ್ಪ್ರಿಂಗಿನ ಚಾಲಕವನ್ನು ಜೋಡಿಸಿದುದರಿಂದ ತಟ್ಟೆಯು ಒಂದೇ ವೇಗದಲ್ಲಿ ತಿರುಗುವಂತಾಯಿತು. ವಿದ್ಯುಚ್ಛಕ್ತಿಯಿಲ್ಲದ ಹಳ್ಳಿಯಲ್ಲಿಯೂ ಗ್ರಾಮಫೋನು ಹಾಡಲು ಇದೇ ಕಾರಣ.

ಬೂದಿಕೋಟೆಗೆ ನೆರೆಯಾದ ಚಿನ್ನದ ಗಣಿಗಳ ಕಡೆಗೂ ಈಗ ಸ್ವಲ್ಪ ತಿರುಗೋಣ. 1902ನೆಯ ಇಸವಿಯಲ್ಲಿ ಮೂರು ಸಂಗತಿಗಳು ಒಟ್ಟಿಗೆ ನಡೆದುವು. ಆ ವರ್ಷದ ಜೂನ್ ತಿಂಗಳ ಕಡೆಯಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಗಣಿಗಳನ್ನು ಮುಟ್ಟಿತು. ಅದೇ ವರ್ಷ ಎಡಿಸನ್ನನ ಕಾರ್ಖಾನೆಯಿಂದ ಚಿನ್ನದ ಹೆಸರನ್ನು ಹೊತ್ತ ಉರುಳೆಗಳು ಹೊರಬಂದುವು. ಅವು ಚಿನ್ನದಿಂದ ಮಾಡಿದುವಲ್ಲ. ಮೇಣವು ವಿದ್ಯುತ್ತನ್ನು ಹರಿಯಗೊಡದ ವಸ್ತುವಾದುದರಿಂದ ಅದರ ಮೇಲೆ ಲೋಹದ ಅಚ್ಚು ಕೂಡುವುದಿಲ್ಲ. ಅದಕ್ಕಾಗಿ ಗಾಳಿಯನ್ನು ಹೊರದೂಡಿದ ಪಾತ್ರೆಯಲ್ಲಿ ವಿದ್ಯುತ್ತಿನ ಕಿಡಿಯಿಂದ ಚಿನ್ನವನ್ನು ಆವಿಯಾಗಿಸಿ, ಮೇಣದ ಗೀರುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪವನ್ನು ಕೊಡುತ್ತಿದ್ದರು. ಆ ಲೇಪವು ಉಸಿರಿನಷ್ಟು ನವುರಾದ ಗೀರನ್ನೂ ಮುಚ್ಚಿಹಾಕದೆ ಅಚ್ಚಿಗೆ ಒಪ್ಪಿಸುತ್ತಿದ್ದಿತು. ಬೆಲೆಗಾಗಿ ಅಗೆಯುವ ಲೋಹಕ್ಕೆ ಇಂತಹ ಕೆಲಸವೂ ಉಂಟೆಂಬುದನ್ನು ಗಣಿಯ ಆಳದಲ್ಲಿ ದುಡಿಯುತ್ತಿದ್ದವರು ಅರಿತಿದ್ದರೋ ಇಲ್ಲವೋ!

ಮೂರನೆಯ ಸಂಗತಿಯು ಕಲ್ಕತ್ತೆಯಲ್ಲಿ ನಡೆಯಿತು. 1902ರ ನವೆಂಬರಿನಲ್ಲಿ ಗ್ರಾಮಫೋನು ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಅಲ್ಲಿಗೆ ಬಂದು ಭಾರತದ ಗಾಯಕರನ್ನು ತಟ್ಟೆಗಳಲ್ಲಿ ಹಿಡಿಯಲಾರಂಭಿಸಿದನು. ಅವರಲ್ಲಿ ಪ್ರಖ್ಯಾತಳಾದವಳು ಗೌಹರ್ ಜಾನ್. ಅಂದಿನ ತಟ್ಟೆಯಲ್ಲಿ ಸುಮಾರು ಮೂರು ನಿಮಿಷಗಳ ಹಾಡಿಗೆ ಮಾತ್ರ ಅವಕಾಶ. ಆಕೆಯು ಆ ಮೂರು ನಿಮಿಷಗಳೊಳಗೆ ರಾಗದ ಸಾರವನ್ನು ಇಳಿಸಿ, ಕಡೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಇದು ಜಂಬದಿಂದಲ್ಲ. ಮೇಣದ ಮೂಲತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಾಗಿದ್ದಿತು. ಭಾಷೆಯನ್ನರಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾರ ಹೆಸರನ್ನು ಅಂಟಿಸಬೇಕೆಂಬುದನ್ನು ಈ ಘೋಷಣೆಯಿಂದ ತಿಳಿಯುತ್ತಿದ್ದರು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆಯಾದ ಮೇಲೆ ಈ ತೊಂದರೆ ತಪ್ಪಿತು. ಗೌಹರ್ ಜಾನಳಿಗೂ ನಮ್ಮ ಸಂಸ್ಥಾನಕ್ಕೂ ಒಂದು ನಂಟುಂಟು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನಕ್ಕೆ ಸಂಗೀತ ವಿದುಷಿಯಾಗಿ ಬಂದ ಆಕೆಯು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದಳು. ಆಕೆಯ ದನಿಯನ್ನು ನಾವು ಈಗಲೂ ಕೇಳಬಹುದು. ಅದು ಆಕೆಯ ದನಿಯೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಏಕೆಂದರೆ ಆಕೆಯೇ ಹಾಗೆಂದು ಹೇಳಿ ಹೋಗಿದ್ದಾಳೆ. ಈ ಸಣ್ಣ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಬೇಕಾಗುತ್ತದೆ.

ಗ್ರಾಮಫೋನು ಉಪಕಾರ ಮಾಡಿತು. ಆದರೆ ಅದಕ್ಕೆ ಪಕ್ಷಪಾತವೂ ಇದ್ದಿತು. 1925ರ ವರೆಗೆ ಮೈಕ್ರೊಫೋನಿನ ಬಳಕೆಯಿರಲಿಲ್ಲ. ಹಾಡುವವರು ದೊಡ್ಡ ಕೊಂಬಿನೊಳಕ್ಕೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿದ್ದಿತು; ದನಿಯ ಬಲದಿಂದಲೇ ಮುಳ್ಳು ಮೇಣವನ್ನು ಕೊರೆಯಬೇಕು. ಗಟ್ಟಿಕಂಠದವರು ಗೆದ್ದರು. ವೀಣೆಯಂತಹ ಮೆಲುದನಿಯ ವಾದ್ಯವು ಸೋತಿತು. ಮೇಲಾಗಿ, ಎಡಿಸನ್ನನ ಉರುಳೆಯ ಯಂತ್ರದಲ್ಲಿ ಕೇಳುವವನೇ ತನ್ನ ಮಾತನ್ನೂ ಹಿಡಿಯಬಹುದಾಗಿದ್ದಿತು. ತಟ್ಟೆಯ ಯಂತ್ರವು ಆ ಸ್ವಾತಂತ್ರ್ಯವನ್ನು ಕಸಿದುಕೊಂಡಿತು. ಮನೆಯಲ್ಲಿದ್ದ ಗ್ರಾಮಫೋನು ನುಡಿಸಬಲ್ಲುದು, ಬರೆಯಲಾರದು. ಬರೆಯುವ ಯಂತ್ರವು ಕಂಪನಿಯ ವಶದಲ್ಲಿ. ಕಂಪನಿಯ ಕಣ್ಣು ಮಾರಾಟದ ಮೇಲೆ. ಆಸ್ಥಾನ ವಿದ್ವಾಂಸರ ಕೃತಿಗಳೂ ನಾಟಕದ ಕಂಪನಿಗಳ ಹಾಡುಗಳೂ ತಟ್ಟೆಗೆ ಬಂದುವು. 1934ರಲ್ಲಿ 'ಸತಿ ಸುಲೋಚನ' ತೆರೆಗೆ ಬಂದ ಮೇಲೆ ಕನ್ನಡದ ವಾಕ್ಚಿತ್ರಗಳ ಕಾಲ ಪ್ರಾರಂಭವಾಯಿತು. ಬೀಸುವ ಕಲ್ಲಿನ ಪದವನ್ನು ಯಾರು ಕೊಂಡುಕೊಳ್ಳುವರು? ಅದನ್ನು ಹಾಡುವವಳ ಬಾಗಿಲಿಗೆ ಯಾವ ಯಂತ್ರವೂ ಬರಲಿಲ್ಲ.

1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದರು. ದನಿಯು ಆಕಾಶಮಾರ್ಗದಿಂದ ಬಂದು ಮನೆಯನ್ನು ಹೊಕ್ಕಿತು. ಆದರೆ ಅಂದಿನ ಬಾನುಲಿಯ ಮಾತು ಆಡಿದ ಕ್ಷಣದಲ್ಲಿ ಕೇಳಬೇಕಾದುದು. ಕೇಳಿದವರು ಕೇಳಿದರು, ಉಳಿದವರಿಗೆ ಅದು ಇಲ್ಲ. ಭಾಷಣಗಳನ್ನು ಅಚ್ಚು ಹಾಕಿಸುವ ಪದ್ಧತಿಯ ಬೆಲೆಯು ಇಲ್ಲಿಯೇ ತೋರುತ್ತದೆ. ಅಚ್ಚಿನಲ್ಲಿ ಮಾತು ದೊರೆಯಿತು. ಮಾತನಾಡಿದವರ ದನಿ ದೊರೆಯಲಿಲ್ಲ.

ಕಸಿದುಕೊಂಡ ಸ್ವಾತಂತ್ರ್ಯವನ್ನು ಮರಳಿ ಕೊಟ್ಟುದು ಅಯಸ್ಕಾಂತ. ಡೆನ್ಮಾರ್ಕಿನ ಪೌಲ್‌ಸೆನ್ನನು 1898ರಲ್ಲಿಯೇ ಉಕ್ಕಿನ ತಂತಿಯ ಮೇಲೆ ಅಯಸ್ಕಾಂತದಿಂದ ಧ್ವನಿಯನ್ನು ಬರೆದಿದ್ದನು. 1930ರ ದಶಕದಲ್ಲಿ ಜರ್ಮನರು ತಂತಿಗೆ ಬದಲಾಗಿ ಕಬ್ಬಿಣದ ತುಕ್ಕಿನಂತಹ ಪುಡಿಯನ್ನು ಸವರಿದ ತೆಳುವಾದ ಪಟ್ಟಿಯನ್ನು ಬಳಕೆಗೆ ತಂದರು. ಧ್ವನಿಯ ಏರಿಳಿತವು ಮೈಕ್ರೊಫೋನಿನಲ್ಲಿ ವಿದ್ಯುತ್ತಿನ ಏರಿಳಿತವಾಗುವುದು. ಅದು ಪಟ್ಟಿಯ ಕಣಗಳನ್ನು ಹೆಚ್ಚು ಕಡಿಮೆಯಾಗಿ ಅಯಸ್ಕಾಂತಗೊಳಿಸುವುದು. ಗೀರೂ ಇಲ್ಲ, ಮುಳ್ಳೂ ಇಲ್ಲ. ಬೇಡವಾದರೆ ಅಳಿಸಿ ಪುನಃ ಬರೆಯಬಹುದು. 1948ರಲ್ಲಿ ಅಮೆರಿಕದಲ್ಲಿ ಒಂದು ಪಕ್ಕಕ್ಕೆ ಇಪ್ಪತ್ತು ನಿಮಿಷಕ್ಕೂ ಮೀರಿ ನುಡಿಯುವ ವಿನೈಲ್ ತಟ್ಟೆ ಬಂದಿತು. 1963ರಲ್ಲಿ ಫಿಲಿಪ್ಸ್ ಕಂಪನಿಯು ಪಟ್ಟಿಯನ್ನು ಅಂಗೈಯಗಲದ ಪೆಟ್ಟಿಗೆಯಲ್ಲಿ ಸುತ್ತಿ ಕ್ಯಾಸೆಟ್ಟನ್ನು ಹೊರತಂದಿತು. ನಮ್ಮ ದೇಶದ ಊರೂರಿಗೂ ಕ್ಯಾಸೆಟ್ಟು ಹಬ್ಬಿದುದು 1980ರ ದಶಕದಲ್ಲಿ. ನುಡಿಸುವ ಯಂತ್ರವೇ ಪುನಃ ಬರೆಯುವ ಯಂತ್ರವೂ ಆಯಿತು.

ಈ ಸಾಧನದೊಡನೆ ನಾವು ಬೂದಿಕೋಟೆಗೆ ಹಿಂದಿರುಗಬಹುದು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ವಾಯ್ಸಸ್ ಮತ್ತು ಮೈರಾಡ ಎಂಬ ಎರಡು ಸಂಸ್ಥೆಗಳು ಯುನೆಸ್ಕೋವಿನ ನೆರವನ್ನು ಪಡೆದು, ಊರವರನ್ನು ಕೂಡಿಕೊಂಡು ಅಲ್ಲಿ 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ಕಟ್ಟಿದುವು. ಸ್ವಸಹಾಯ ಸಂಘಗಳ ಹೆಂಗಸರೂ ಊರಿನ ಯುವಕರೂ ಮೈಕ್ರೊಫೋನನ್ನು ಹಿಡಿಯುವುದನ್ನು ಕಲಿತರು. ಬೇಸಾಯ, ಆರೋಗ್ಯ, ಮಕ್ಕಳ ಓದು, ಉಳಿತಾಯ ಮುಂತಾದ ವಿಷಯಗಳನ್ನು ಕುರಿತು ತಮ್ಮವರ ಮಾತನ್ನೇ ಹಿಡಿದು, ಮೊದಮೊದಲು ಸಂಘದ ಸಭೆಗಳಲ್ಲಿ ನುಡಿಸಿ ಕೇಳಿಸಿದರು. ಆಕಾಶಮಾರ್ಗವಾಗಿ ಪ್ರಸಾರ ಮಾಡಲು ಅವರಿಗೆ ಕಾನೂನಿನ ಅಡ್ಡಿಯಿದ್ದಿತು. ಬಾನುಲಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ಕೊಟ್ಟಿದ್ದರೂ, 2002ರ ಕೊನೆಯಲ್ಲಿ ಸಮುದಾಯ ಬಾನುಲಿಗೆ ಅನುಮತಿ ದೊರೆತುದು ವಿದ್ಯಾಸಂಸ್ಥೆಗಳಿಗೆ ಮಾತ್ರ. ಹಳ್ಳಿಯವರು ಅಡ್ಡದಾರಿಯನ್ನು ಹಿಡಿಯಲಿಲ್ಲ; ಬೇರೊಂದು ದಾರಿಯನ್ನು ಕಂಡುಕೊಂಡರು. ಮನೆಗಳಿಗೆ ದೂರದರ್ಶನದ ಚಿತ್ರವನ್ನು ತರುತ್ತಿದ್ದ ಕೇಬಲ್ಲಿನಲ್ಲಿಯೇ 2003ರಲ್ಲಿ ತಮ್ಮ ಧ್ವನಿಯನ್ನು ಹರಿಯಬಿಟ್ಟರು. ಸ್ವಯಂಸೇವಾ ಸಂಸ್ಥೆಗಳಿಗೂ ಬಾನುಲಿ ಕೇಂದ್ರವನ್ನು ನಡೆಸುವ ಅವಕಾಶವನ್ನು ಸರ್ಕಾರವು ಒದಗಿಸಿದುದು 2006ರಲ್ಲಿ.

ಇದರಲ್ಲಿ ಅಂತಹ ವಿಶೇಷವೇನೆಂದು ನಗರವಾಸಿಗಳು ಕೇಳಬಹುದು. ಕೋಲಾರದ ಗಡಿಸೀಮೆಯ ಕನ್ನಡಕ್ಕೆ ತನ್ನದೇ ಆದ ಒಂದು ಧಾಟಿಯುಂಟು. ತೆಲುಗಿನ ಮತ್ತು ತಮಿಳಿನ ನೆರೆಯಲ್ಲಿ ಬಾಳಿದ ಆ ಮಾತಿನ ಏರಿಳಿತವನ್ನು ಯಾವ ಲಿಪಿಯೂ ತೋರಿಸಲಾರದು. ತಟ್ಟೆಯ ಕಂಪನಿಗೆ ಅದು ಬೇಕಾಗಿರಲಿಲ್ಲ. ನಗರದ ಬಾನುಲಿಯು ಶಿಷ್ಟಭಾಷೆಯನ್ನು ಬಯಸುತ್ತಿದ್ದಿತು. ಬೂದಿಕೋಟೆಯ ಹೆಂಗಸು ತನ್ನ ಮಾತನ್ನು ಯಂತ್ರದ ಬಾಯಿಂದ ಮೊದಲ ಸಲ ಕೇಳಿದಾಗ, ನೂರಿಪ್ಪತ್ತೈದು ವರ್ಷಗಳ ಧ್ವನಿಲೇಖನದ ಚರಿತ್ರೆಯು ಅವಳ ಅಂಗಳಕ್ಕೆ ಬಂದು ಮುಟ್ಟಿತೆಂದು ನಾವು ಭಾವಿಸುತ್ತೇವೆ.

ಈಗಿನ ಕಾಲದಲ್ಲಿ ಧ್ವನಿಯನ್ನು ಅಂಕೆಗಳಾಗಿ ಬರೆಯುತ್ತಾರೆ. ಪ್ರತಿಯೊಬ್ಬರ ಜೇಬಿನಲ್ಲಿಯೂ ಎಡಿಸನ್ನನ ಯಂತ್ರಕ್ಕಿಂತ ಸಾವಿರ ಪಾಲು ಸಮರ್ಥವಾದ ಯಂತ್ರವಿದೆ. ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಅರಗಿನ ತಟ್ಟೆಯು ಬಿದ್ದರೆ ಒಡೆಯುತ್ತದೆ. ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಅಂಕೆಗಳ ಬರಹವು ಯಂತ್ರ ಕೆಟ್ಟರೆ ಒಂದೇ ಗಳಿಗೆಯಲ್ಲಿ ಮಾಯವಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ ಹೆಸರಿಲ್ಲದ ದನಿ. ಅಜ್ಜಿಯ ಹಾಡನ್ನು ಹಿಡಿದವರು ಅಜ್ಜಿಯ ಹೆಸರನ್ನು ಹೇಳುವುದಿಲ್ಲ, ಊರನ್ನು ಹೇಳುವುದಿಲ್ಲ, ದಿನವನ್ನು ಹೇಳುವುದಿಲ್ಲ. ಎಲ್ಲವೂ ನಮಗೆ ಗೊತ್ತೇ ಇದೆಯಲ್ಲ ಎಂದುಕೊಳ್ಳುತ್ತಾರೆ. ಎರಡು ತಲೆಮಾರು ಕಳೆದ ಮೇಲೆ ಆ ದನಿಯು ಯಾರದೋ ಆಗುತ್ತದೆ. ಗೌಹರ್ ಜಾನಳು ಹ್ಯಾನೋವರಿನ ಅಪರಿಚಿತರಿಗಾಗಿ ಹೆಸರನ್ನು ಹೇಳಿದಳು. ನಮ್ಮ ಮೊಮ್ಮಕ್ಕಳ ಮಕ್ಕಳೂ ನಮಗೆ ಅಷ್ಟೇ ಅಪರಿಚಿತರು.

ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ನೆಲದಿಂದ ಮೂರು ಕಿಲೋಮೀಟರಿಗೂ ಕೆಳಗಿಳಿದು ದುಡಿದವರು, ಬಂಡೆ ಸಿಡಿದು ಮನೆಯ ಗೋಡೆಗಳು ಅದುರಿದುದನ್ನು ಅನುಭವಿಸಿದವರು, ಅವರಿಗಾಗಿ ಬಾಗಿಲಲ್ಲಿ ಕಾದವರು, ವೃದ್ಧರಾಗಿ ಇನ್ನೂ ನಮ್ಮ ನಡುವೆ ಇದ್ದಾರೆ. ಗಣಿಯೊಳಗೆ ಒಬ್ಬರನ್ನೊಬ್ಬರು ಹೇಗೆ ಕೂಗಿ ಕರೆಯುತ್ತಿದ್ದರೆಂಬುದನ್ನು ಅವರೇ ತೋರಿಸಬಲ್ಲರು. ಈ ಭಾಷಣವನ್ನು ಓದುವವರಲ್ಲಿ ಯಾರಿಗಾದರೂ ಅಂತಹ ಹಿರಿಯರ ಪರಿಚಯವಿದ್ದರೆ, ಒಂದು ಸಂಜೆಯನ್ನು ಮೀಸಲಿಟ್ಟು ಅವರ ಮಾತನ್ನು ಹಿಡಿದಿಡಬೇಕೆಂದು ಪ್ರಾರ್ಥಿಸುತ್ತೇವೆ. ಮೊದಲು ಹೆಸರು, ಊರು, ತಾರೀಖುಗಳನ್ನು ಅವರ ಬಾಯಿಂದಲೇ ಹೇಳಿಸಿರಿ. ಪ್ರತಿಯನ್ನು ಎರಡು ಕಡೆ ಇಡಿರಿ. ಇಷ್ಟಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ.

ಎಡಿಸನ್ನನ ಯಂತ್ರವು ನುಡಿದ ನೂರು ವರ್ಷಗಳಿಗೆ ಸರಿಯಾಗಿ, 1977ರಲ್ಲಿ, ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಅಂತರಿಕ್ಷಕ್ಕೆ ಕಳುಹಿಸಿದರು. ಒಂದೊಂದರಲ್ಲಿಯೂ ತಾಮ್ರಕ್ಕೆ ಚಿನ್ನದ ಲೇಪ ಕೊಟ್ಟ ಒಂದು ಧ್ವನಿತಟ್ಟೆಯುಂಟು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡವೂ ಅವುಗಳಲ್ಲಿ ಒಂದು. ಕನ್ನಡದ ದನಿಯೊಂದು ಚಿನ್ನದಲ್ಲಿ ನೆಲೆನಿಂತು ಸೂರ್ಯಮಂಡಲದ ಅಂಚನ್ನು ದಾಟಿ ಸಾಗುತ್ತಿರುವುದು ನಮಗೆಲ್ಲ ಸಂತೋಷದ ವಿಷಯ. ಅಷ್ಟು ದೂರದಲ್ಲಿ ಅದನ್ನು ಕೇಳುವವರು ಇರುವರೋ ಇಲ್ಲವೋ ಬಲ್ಲವರಿಲ್ಲ. ಚಿನ್ನದ ಸೀಮೆಯ ಮುದುಕರ ಮಾತನ್ನು ಕೇಳುವವರಂತೂ ಇಲ್ಲಿಯೇ ಇದ್ದೇವೆ.